ಸೆಲಿನ್ ಕಿವಿಯಲ್ಲಿ ಕೇಳಿದ ವೋಲ್ಟೇಜು

ಬದಿಯಡ್ಕ ಪೇಟೆಯಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಅಲೋಶಿಯಸನ ಹೆಂಡತಿ ಸೆಲಿನ್ ಮನೆಯಲ್ಲೇ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುತ್ತಿದ್ದಳು. ತೊಂಬತ್ತೆಂಟರ ಬೇಸಗೆಯಲ್ಲಿ ವೋಲ್ಟೇಜು ಕುಸಿದು ಗ್ರೈಂಡರಿನ ಮೋಟಾರು ಸುಟ್ಟುಹೋಯಿತು. ಅಲೋಶಿಯಸ್ ಅಡಿಗೆಮನೆಯ ಗೋಡೆಗೆ ವೋಲ್ಟೇಜು ತೋರಿಸುವ ಮುಳ್ಳಿನ ಮೀಟರು ಹಾಕಿ, ಇನ್ನೂರರಿಂದ ಮೇಲಕ್ಕೆ ಹಸಿರು ಬಣ್ಣ ಬಳಿದ. "ಮುಳ್ಳು ಹಸಿರಿಗೆ ಬಂದರೆ ಮಾತ್ರ ಸ್ವಿಚ್ಚು ಹಾಕು."

ಮೋಟಾರು ಮತ್ತೆ ಸುಟ್ಟುಹೋಯಿತು.

ಹೊಸ ಮೋಟಾರು ಕೂರಿಸಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಬಂದ ಅಲೋಶಿಯಸ್ ಬಾಗಿಲಲ್ಲೇ ನಿಂತು ಕೇಳಿದ, "ಮುಳ್ಳು ಎಲ್ಲುಂಟು?"

ಸೆಲಿನ್ ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದಳು. "ಹಸಿರಲ್ಲೇ ಉಂಟು."

ಮುಳ್ಳು ನೂರೈವತ್ತರ ಹತ್ತಿರ ನಡುಗುತ್ತಿತ್ತು. ಅವಳ ತಾಯಿಗೂ ಹೀಗೇ ಕಣ್ಣು ಮಂಜಾಗಿತ್ತು. ಅಲೋಶಿಯಸ್ "ಮೊದಲು ಊಟ ಮಾಡುವ" ಎಂದು ಅವಳನ್ನು ಕೂರಿಸಿದ.

ಆಮೇಲೆ ಮಂಗಳೂರಿನಿಂದ ಅಳೆದು ಲೆಕ್ಕ ಹಾಕಬಲ್ಲ ಒಂದು ಮೈಕ್ರೊಕಂಟ್ರೋಲರ್ ಚಿಪ್ಪು ತಂದ. ಕಂಪ್ಯೂಟರ್ ಕಲಿಸುತ್ತಿದ್ದ ಗೆಳೆಯ ಉದಯಶಂಕರ ಅದಕ್ಕೆ ಪ್ರೋಗ್ರಾಂ ಹಾಕಿಕೊಟ್ಟ. ಲೈನಿನ ವೋಲ್ಟೇಜನ್ನು ಸಣ್ಣ ಟ್ರಾನ್ಸ್‌ಫಾರ್ಮರು ತಗ್ಗಿಸುತ್ತಿತ್ತು, ಚಿಪ್ಪು ಅದನ್ನು ಅಳೆಯುತ್ತಿತ್ತು. ಮೊದಮೊದಲು ಲೆಕ್ಕ ಹುಚ್ಚು ಹಿಡಿದಂತೆ ಕುಣಿಯಿತು.

"ಕರೆಂಟು ಅಲೆಯ ಹಾಗೆ ಏರಿ ಇಳಿಯುತ್ತದಲ್ಲ ಮಾರಾಯ, ಒಂದೇ ಸಲ ನೋಡಿದರೆ ಎಂತ ಸಿಗುತ್ತದೆ?" ಎಂದ ಉದಯಶಂಕರ. ಪ್ರತಿ ಅಲೆಯ ತುದಿಯನ್ನು ಹಿಡಿದು ಸರಾಸರಿ ತೆಗೆದ ಮೇಲೆ ಲೆಕ್ಕ ಮೀಟರಿಗೆ ಸರಿ ಕೂತಿತು.

ಅಲೋಶಿಯಸ್ ಎಲ್ಲವನ್ನೂ ಒಂದು ಪೆಟ್ಟಿಗೆಯೊಳಗೆ ಕೂರಿಸಿ, ಅದನ್ನು ಗ್ರೈಂಡರಿನ ಪಕ್ಕ ಇಟ್ಟು ಗುಂಡಿ ಒತ್ತಿದ. ಎರಡು ಉದ್ದ ಸ್ವರ, ಒಂದು ಗಿಡ್ಡ ಸ್ವರ.

"ಉದ್ದದ್ದು ನೂರು, ಗಿಡ್ಡದ್ದು ಹತ್ತು. ಈಗ ಎಷ್ಟುಂಟು, ಹೇಳು."

"ಇನ್ನೂರ ಹತ್ತು" ಎಂದಳು ಸೆಲಿನ್. ಆಮೇಲೆ ಪೆಟ್ಟಿಗೆಯನ್ನು ಮುಟ್ಟಿ ನೋಡಿ ಕೇಳಿದಳು, "ನನಗೆ ಮುಳ್ಳು ಕಾಣುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಮ್ಮನನ್ನು ಕೂರಿಸಿದ ಹಾಗೆ ನನ್ನನ್ನೂ ಮೂಲೆಯಲ್ಲಿ ಕೂರಿಸಿಬಿಡುತ್ತೀರಿ ಅಂತ ಹೆದರಿಕೆ ಆಯಿತು."

"ನಿನ್ನನ್ನಾ? ಕೂರಿಸಿದರೆ ನೀನು ಕೂರುತ್ತೀಯಾ?"

ಅವಳು ಅಳುತ್ತಲೇ ನಕ್ಕಳು. ಮರುದಿನ ಇಬ್ಬರೂ ಮಂಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಹೋದ ದೃಷ್ಟಿ ಬರಲಿಲ್ಲ. ಉಳಿದದ್ದನ್ನು ಕಣ್ಣಿಗೆ ಬಿಡುವ ಹನಿ ಮದ್ದು ಕಾಪಾಡಿತು. ಬೆಳಿಗ್ಗೆ, ಸಂಜೆ ಮದ್ದು ಹಾಕುವುದು ಅಲೋಶಿಯಸನ ಕೆಲಸವಾಯಿತು.

ಗ್ರೈಂಡರು ನಿಲ್ಲಲಿಲ್ಲ. ನೆರೆಮನೆಯ ದೇವಕಿ ಪಂಪು ಹಾಕುವ ಮೊದಲು ಬೇಲಿಯಾಚೆಯಿಂದ ಕೂಗುತ್ತಿದ್ದಳು, "ಸೆಲಿನಕ್ಕಾ, ವೋಲ್ಟೇಜು ಎಷ್ಟುಂಟು?"

ಸೆಲಿನ್ ಗುಂಡಿ ಒತ್ತಿ ಕಿವಿಗೊಟ್ಟು, ಒಳಗಿಂದಲೇ ಗಟ್ಟಿಯಾಗಿ ಹೇಳುತ್ತಿದ್ದಳು, "ನೂರ ಎಪ್ಪತ್ತು! ಈಗ ಬೇಡ, ಚಾ ಕುಡಿಯಲು ಬಾ."