ಐವತ್ತೆಂಟಕ್ಕೆ ಮರಳಿ ಬಂದ ಎಡಗೈ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಹಿರಿಯ ಹೆಂಗಸೊಬ್ಬರು ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ತೂತಿದ್ದಲ್ಲೆಲ್ಲ ಬೆಳಕು ಚುಕ್ಕಿ ಚುಕ್ಕಿಯಾಗಿ ಅವರ ಮುಖದ ಮೇಲೆ ಬೀಳುತ್ತದೆ. ಒಂದೊಂದು ತೂತಿನ ಸುತ್ತಲೂ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಇದಿನ್ನೂ ಬದುಕುತ್ತೆ ಬಿಡು" ಎಂದು ಪಕ್ಕದ ರಾಶಿಗೆ ಸೇರಿಸುತ್ತಾರೆ. ಮೇಲಿನ ಮಹಡಿಗಳಲ್ಲಿ ಡಾಕ್ಟರರು ಮನುಷ್ಯರಿಗೆ ಹೇಳುವ ಮಾತನ್ನು ಇವರು ಇಲ್ಲಿ ಬಟ್ಟೆಗೆ ಹೇಳುತ್ತಾರೆ.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಸೂಜಿ ಹಿಡಿಯುತ್ತಾರೆ. ಎಡಗೈಯಲ್ಲಿ.

ಇಲ್ಲಿ ಎಲ್ಲರೂ ಇವರನ್ನು ಸೊಟ್ಟಕ್ಕ ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಇವರ ಹೊಲಿಗೆ ನೋಡಿ ಯಾರೋ ಇಟ್ಟ ಹೆಸರು. ಹೊಲಿಗೆ ಈಗ ಗೆರೆ ಎಳೆದಷ್ಟು ನೇರವಾಗಿದೆ, ಹೆಸರು ಮಾತ್ರ ಸೊಟ್ಟಗೇ ಉಳಿದಿದೆ. ಕರೆದರೆ ಇವರೂ ಬೇಸರವಿಲ್ಲದೆ ತಿರುಗುತ್ತಾರೆ. ದಿನಕ್ಕೆ ಅರವತ್ತು ಬೆಡ್‌ಶೀಟು, ನಲವತ್ತು ರೋಗಿಗಳ ಗೌನು, ನೂರರಷ್ಟು ಕಿತ್ತುಹೋದ ಲಾಡಿಗಳು ಇವರ ಕೈ ದಾಟುತ್ತವೆ. ಗೌನಿನ ಲಾಡಿಯ ವಿಷಯದಲ್ಲಿ ಇವರು ಬಲು ಕಟ್ಟುನಿಟ್ಟು. "ಕಾಯಿಲೆಯವರಿಗೆ ಮೊದಲೇ ಮೈ ತುಂಬ ನೋವು, ಅದರ ಮೇಲೆ ಹಿಂದೆ ಗಾಳಿಯಾಡಿದ್ರೆ ಮಾನವೂ ಹೋಗಲ್ವಾ?" ಎನ್ನುತ್ತಾರೆ.

ಹೊಲಿಗೆ ಯಂತ್ರದ ಮುಂದೆ ಕೂರಿಸಿದ ಮೊದಲ ವಾರವೇ ಬಟ್ಟೆಯ ಜೊತೆ ಬೆರಳನ್ನೂ ಹೊಲಿದುಕೊಂಡಿದ್ದರು. ಹಾಗಾಗಿ ಯಂತ್ರ ಬೇರೆಯವರ ಪಾಲಾಗಿ, ಇವರಿಗೆ ಕೈಹೊಲಿಗೆ ಉಳಿಯಿತು. ಅದೂ ಸುಕ್ಕು, ಅದೂ ಸೊಟ್ಟ. ಕತ್ತರಿ ಸರಿಯಿಲ್ಲ ಎಂದರೆ ಕೋಣೆಯ ಉಳಿದಿಬ್ಬರು "ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ನಗುತ್ತಿದ್ದರು. ಮನೆಯಲ್ಲಿ ಗಂಡ, ಪುಣ್ಯಾತ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು, ಲೋಟ ಬಿದ್ದಾಗಲೆಲ್ಲ "ನಿನ್ನ ಕೈಗೆ ಬುದ್ಧಿ ಇಲ್ಲ ಕಣೇ" ಎನ್ನುತ್ತಿದ್ದರು. ಇವರೂ ಹೌದೆಂದೇ ನಂಬಿದ್ದರು. ಐವತ್ತೆಂಟು ವರ್ಷ ಹೆಂಗಸೊಬ್ಬರು ತಮ್ಮನ್ನು ದಡ್ಡಿ ಎಂದು ನಂಬಿಕೊಂಡು ಬದುಕಿದರು ಎಂಬುದನ್ನು ಬರೆಯಲು ಒಂದು ಸಾಲು ಸಾಕು, ಬದುಕಲು ಐವತ್ತೆಂಟು ವರ್ಷವೇ ಬೇಕು.

ಮೂರು ವರ್ಷದ ಹಿಂದೆ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮನೆಯಲ್ಲೇ ಕೂತರೆ ಜಾಗ ಬೇರೆಯವರದಾಗುತ್ತದೆಂಬ ಭಯಕ್ಕೆ, ಎಂಟನೇ ದಿನವೇ ಪ್ಲಾಸ್ಟರ್ ಸಮೇತ ಬಂದು ಬಟ್ಟೆ ಎಣಿಸುತ್ತ ಕೂತರು. ಒಂದು ಮಧ್ಯಾಹ್ನ ಉಳಿದಿಬ್ಬರೂ ಚಹಾಕ್ಕೆ ಹೋಗಿದ್ದಾಗ ಮೇಲಿನಿಂದ ಅವಸರದ ಕರೆ ಬಂತು: ಆಪರೇಷನ್ನಿಗೆ ಹೊರಟ ಮಗುವೊಂದರ ಪುಟ್ಟ ಗೌನಿನ ಲಾಡಿಗಳು ಕಿತ್ತುಹೋಗಿವೆ. ಬೇರೆ ಗೌನಿಲ್ಲ. ಯೋಚಿಸಲು ಪುರುಸೊತ್ತಿರಲಿಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಪೋಣಿಸಿ, ನಾಲ್ಕೂ ಲಾಡಿಯನ್ನು ಎಡಗೈಯಲ್ಲೇ ಹೊಲಿದು ಕಳಿಸಿಬಿಟ್ಟರು.

ಮರುದಿನ ಒಗೆತಕ್ಕೆ ಬಂದ ಆ ಗೌನನ್ನು ಹಿಡಿದುಕೊಂಡು ಮೇಲ್ವಿಚಾರಕಿ ಕೋಣೆಗೆ ಬಂದರು. "ಇದನ್ನ ಹೊಲಿದೋರು ಯಾರು?"

"ನಾನಲ್ಲ ಮೇಡಂ," ಎಂದರು ಸೊಟ್ಟಕ್ಕ, ಎಡಗೈಯನ್ನು ಬಟ್ಟೆಯ ರಾಶಿಯೊಳಗೆ ತೂರಿಸುತ್ತ.

ಈಗ ಹೇಳುವಾಗ ಅವರಿಗೆ ನಗು ಬರುತ್ತದೆ, ಆದರೆ ನಗು ಪೂರ್ತಿಯಾಗುವುದಿಲ್ಲ. "ಬೈತಾರೆ ಅಂದ್ಕೊಂಡೆ. ನಾನು ಹೊಲಿದಿದ್ದನ್ನ ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ಬಂದ್ರೆ ಅದು ಬೈಯೋಕೇ ಅಲ್ವಾ? ಅವರು ನೋಡಿದ್ರೆ, ಇಷ್ಟು ಚೆನ್ನಾಗಿ ಹೊಲಿದೋರು ಯಾರು ಅಂತ ಕೇಳೋಕೆ ಬಂದಿದ್ರು. ನನ್ನ ಜೀವಮಾನದಲ್ಲಿ ಮೊದಲನೇ ಸಲ ಶಹಭಾಸ್ ಅನ್ನಿಸ್ಕೊಳ್ಳೋ ಹೊತ್ತಿಗೆ, ನಾನಲ್ಲ ಅಂದುಬಿಟ್ಟೆ."

ಆ ಸಂಜೆ ಮನೆಗೆ ಹೋಗಿ, ಹಾಳೆಯೊಂದರ ಮೇಲೆ ಎಡಗೈಯಲ್ಲಿ ತಮ್ಮ ಹೆಸರು ಬರೆದು ನೋಡಿದರು. ಅಕ್ಷರಗಳು ಮಗು ಬರೆದಂತೆ ದೊಡ್ಡವಾಗಿದ್ದವು, ಆದರೆ ನಡುಗಲಿಲ್ಲ. ಆಗ ಮರೆತೇಹೋಗಿದ್ದ ಒಂದು ಸಂಗತಿ ನೆನಪಾಯಿತು. ನಾಲ್ಕೋ ಐದೋ ವಯಸ್ಸು, ತಾಯಿ ಹಳೆಯ ಸೀರೆಯ ಅಂಚು ಹರಿದು ಎಡಗೈಯನ್ನು ಲಂಗದ ಪಟ್ಟಿಗೆ ಬಿಗಿಯಾಗಿ ಕಟ್ಟುತ್ತಿದ್ದಾಳೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುತ್ತಿದ್ದಾಳೆ. ಇವರು ಬಗ್ಗಿದರು. ಎಷ್ಟು ಬಗ್ಗಿದರೆಂದರೆ, ಬಗ್ಗಿಸಿದ್ದನ್ನೇ ಮರೆತರು.

ಸಂತೋಷಪಡಬೇಕಾದ ಕಥೆ ಇದು ಎಂದು ಯಾರಿಗಾದರೂ ಅನ್ನಿಸಬಹುದು. ಕೋಣೆಯವರಿಗೂ ಹಾಗೇ ಅನ್ನಿಸಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಸೊಟ್ಟಕ್ಕ ಎಡಗೈಯಲ್ಲೇ ಮುಂದುವರಿದರು, ಎರಡೇ ತಿಂಗಳಲ್ಲಿ ಆಪರೇಷನ್ ಕೋಣೆಯ ಬಟ್ಟೆಗಳೂ ಇವರಿಗೇ ಬರತೊಡಗಿದವು. ಆದರೆ ಆ ಸಂಜೆ ಅವರು ಹಾಳೆಯ ಮುಂದೆ ಕೂತು ಅತ್ತದ್ದು ತಮಗಾಗಿ ಅಲ್ಲ. ಅಂಥದ್ದೇ ಒಂದು ಸೀರೆಯ ಅಂಚನ್ನು ಅವರೂ ಒಮ್ಮೆ ಹರಿದಿದ್ದರು.

ಮಗಳಿಗೆ ಈಗ ಮೂವತ್ತೆಂಟು. ಬೇಕರಿಯೊಂದರಲ್ಲಿ ಬ್ರೆಡ್ ಕಟ್ಟುವ ಕೆಲಸ, ತಾಯಿಯ ಜೊತೆಗೇ ಎರಡನೇ ಮಹಡಿಯ ಒಂದೂವರೆ ಕೋಣೆಯ ಮನೆಯಲ್ಲಿದ್ದಾಳೆ. ಚಿಕ್ಕವಳಿದ್ದಾಗ ಬಳಪವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. "ನನ್ನಮ್ಮ ಒಂದು ವರ್ಷ ಕಟ್ಟಿದ್ರು, ನಾನು ಎರಡು ವರ್ಷ ಕಟ್ಟಿದೆ. ಅದೇ ಗಾದೆ ಹೇಳ್ಕೊಂಡು," ಎನ್ನುತ್ತಾರೆ ಸೊಟ್ಟಕ್ಕ. ಮಗಳ ಬಲಗೈ ಬರಹ ಆಮೆಯ ನಡಿಗೆಯಾಯಿತು, ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದರೂ ಹಾಳೆ ತುಂಬುತ್ತಿರಲಿಲ್ಲ. ಏಳನೇ ತರಗತಿಗೆ ಶಾಲೆ ಮುಗಿಯಿತು. "ಮಾಷ್ಟ್ರು ದಡ್ಡಿ ಅಂದ್ರು. ನಾನೂ ಒಪ್ಪಿದೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಇನ್ನೇನಾಗುತ್ತೆ ಅಂದೆ."

ಇದನ್ನು ಮಗಳಿಗೆ ಹೇಳಲು ಇವರಿಗೆ ಆರು ತಿಂಗಳು ಹಿಡಿಯಿತು. ಕೊನೆಗೊಂದು ಭಾನುವಾರ, ಅವಳು ತರಕಾರಿ ಹೆಚ್ಚುತ್ತಿದ್ದಾಗ ಎದುರು ಕೂತು ಎಲ್ಲವನ್ನೂ ಹೇಳಿ, "ನಿನ್ನ ಕೈ ನಾನೇ ಹಾಳು ಮಾಡಿದೆ ಮಗಳೇ" ಎಂದರು. ಮಗಳು ಚಾಕು ಕೆಳಗಿಟ್ಟು, ಹೆಚ್ಚಿದ್ದನ್ನು ಪಾತ್ರೆಗೆ ಹಾಕಿದಳು.

"ಹಾಳೇನೂ ಆಗಿಲ್ಲಮ್ಮ," ಎಂದಳು ಆಮೇಲೆ. "ನೀನು ಮನೇಲಿ ಇಲ್ಲದಾಗೆಲ್ಲ ನಾನು ಎಡಗೈಯೋಳೇ. ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಬದಲಾಯಿಸ್ಕೋತೀನಿ."

ಸೊಟ್ಟಕ್ಕ ಮಗಳ ಎಡಗೈಯನ್ನು ಎತ್ತಿ ನೋಡಿದರು. ಬೆರಳುಗಳ ಮೇಲೆಲ್ಲ ಚಾಕು ತಾಗಿದ ಸಣ್ಣ ಗೀರುಗಳು, ಹಳೆಯವು, ಹೊಸವು. ಒಂದು ಬೀನ್ಸ್ ಹೆಚ್ಚೋಕೂ ಬರಲ್ಲ ಎಂದು ಇಷ್ಟು ವರ್ಷ ಬೈದದ್ದು ಈ ಗೀರುಗಳಿಗೇ. ಒಬ್ಬಳೇ ಇದ್ದಾಗ ಅವಳು ಒಮ್ಮೆಯೂ ಕೊಯ್ದುಕೊಂಡಿಲ್ಲ. ತಾಯಿ ಎದುರಿಗೆ ಬಂದಾಗ ಮಾತ್ರ ರಕ್ತ ಬಂದಿದೆ.

ಆಸ್ಪತ್ರೆಯ ಹೊರಗೆ ಈಗ ಬೆಳಕಾಗಿದೆ. ಮುಂದಿನ ಬೆಡ್‌ಶೀಟಿನ ಮೂಲೆಯಲ್ಲಿ ಸೊಟ್ಟಕ್ಕನ ಹಳೆಯ ಬಲಗೈ ಹೊಲಿಗೆಯೊಂದು ಸಿಗುತ್ತದೆ, ಸುಕ್ಕುಗಟ್ಟಿ ಒಂದು ಕಡೆಗೆ ವಾಲಿದ್ದು. ಬಿಚ್ಚಿ ಹೊಸದಾಗಿ ಹೊಲಿಯುತ್ತೀರಾ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ಹಿಡಿದಿದೆಯಲ್ಲ, ಇರ್ಲಿ ಬಿಡಿ. ಅವಳೂ ಪಾಪ ಕಷ್ಟಪಟ್ಟು ಹೊಲಿದಿದ್ದಾಳೆ." ಅವಳು ಎಂದರೆ ತಾವೇ, ಮೂರು ವರ್ಷದ ಹಿಂದಿನ ತಾವು.

ಎರಡೂವರೆಗೆ ಕೆಲಸ ಮುಗಿಯುತ್ತದೆ. ಬೇಕರಿಯಿಂದ ಮಗಳು ಅದಕ್ಕೂ ಮೊದಲೇ ಬಂದು ಅಡುಗೆಗೆ ತೊಡಗಿರುತ್ತಾಳೆ. ಸೊಟ್ಟಕ್ಕ ಮನೆಗೆ ಐದು ಮೆಟ್ಟಿಲು ಇರುವಾಗಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬಾಗಿಲ ಸಂದಿಯಲ್ಲಿ ಕಳ್ಳರಂತೆ ನಿಲ್ಲುತ್ತಾರೆ. ಒಳಗೆ ಮಗಳ ಎಡಗೈ ಸರಸರನೆ ಹೆಚ್ಚುತ್ತಿರುತ್ತದೆ, ಒಂದೊಂದು ಹೋಳೂ ಒಂದೇ ಅಳತೆ. ಕಣ್ತುಂಬ ನೋಡಿಯೇ ಅವರು ಬಾಗಿಲು ತಳ್ಳುವುದು. ತಳ್ಳಿದ ಕೂಡಲೇ ಚಾಕು ಬಲಗೈಗೆ ಹೋಗುತ್ತದೆ, ಇವತ್ತಿಗೂ.

"ಬೇಕು ಅಂತ ಮಾಡಲ್ಲ ಅವಳು, ಕೈ ತಾನಾಗೇ ಹೋಗುತ್ತೆ. ಅವಳಿಗೆ ನಾನು ಕಲಿಸಿದ್ರಲ್ಲಿ ಅದೊಂದೇ ಚೆನ್ನಾಗಿ ನಾಟಿರೋದು," ಎನ್ನುತ್ತಾರೆ, ಸೂಜಿಯ ಕಣ್ಣನ್ನೇ ನೋಡುತ್ತ.

ಮುಂದೇನು ಆಸೆ ಎಂದು ಕೇಳಿದರೆ ದಾರಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕಡಿದು, ಗೌನನ್ನು ಮಡಚಿಟ್ಟ ಮೇಲೆಯೇ ಉತ್ತರ ಬರುತ್ತದೆ.

"ಒಂದು ದಿನ ನಾನು ಚಪ್ಪಲಿ ಹಾಕ್ಕೊಂಡೇ, ಸದ್ದು ಮಾಡ್ಕೊಂಡು ಮೆಟ್ಟಿಲು ಹತ್ತಬೇಕು. ಒಳಗೆ ಹೋದ್ರೆ ಚಾಕು ಆ ಕೈಯಲ್ಲೇ ಇರಬೇಕು. ಅಷ್ಟೇ."