ಗಾಳಿಗೆ ಹಾರಿದ ಬಜಿಲ್

ಅಡುಗೆಮನೆಯಿಂದ ಬಜಿಲಿನ ಪರಿಮಳ ಬರುತ್ತಿದೆ. ತೆಂಗಿನೆಣ್ಣೆ, ಕಾಯಿತುರಿ, ಕೊತ್ತಂಬರಿ, ಜೀರಿಗೆ, ಚೂರು ಬೆಲ್ಲ ಸೇರಿಸಿ ಕಲಸಿದ ತೆಳು ಅವಲಕ್ಕಿಗೆ ನಮ್ಮ ಕಡೆ ಬಜಿಲ್ ಎನ್ನುತ್ತಾರೆ. ಉಪ್ಪಿಟ್ಟಿಗೆ ಸಜ್ಜಿಗೆ ಎನ್ನುತ್ತಾರೆ. ಎರಡನ್ನೂ ಬೆರೆಸಿ ತಿನ್ನುವ ತನಕ ನನಗೆ ಬೆಳಗಾಗುವುದಿಲ್ಲ. ಇವತ್ತು ಮಾತ್ರ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯುತ್ತಿಲ್ಲ. ನಿನ್ನೆ ಮಗಳ ಶಾಲೆಗೆ ಕರೆಸಿದ್ದರು. ತರಗತಿಯಲ್ಲಿ ಮಕ್ಕಳು ನಮ್ಮವರು, ಅವರ ಕಡೆಯವರು ಎಂದು ಬೇರೆ ಬೇರೆ ಬೆಂಚಿನಲ್ಲಿ ಕೂರಲು ಶುರುಮಾಡಿದ್ದಾರಂತೆ. ಗೆಳತಿ ಸಫೀನಾ ಆಚೆ ಬೆಂಚಿಗೆ ಹೋದಳೆಂದು ನನ್ನ ಮಗಳು ಅಳುತ್ತಿದ್ದಾಳಂತೆ. ಟೀಚರು ಮರ್ಯಾದೆಯಿಂದಲೇ ಹೇಳಿದರು, ಹುಡುಗಿ ತುಂಬಾ ಸೆನ್ಸಿಟಿವ್, ಸ್ವಲ್ಪ ಗಟ್ಟಿ ಮಾಡಿ ಎಂದು.

ನೋಡಿದಿರಾ ಇವರ ನ್ಯಾಯ? ಬೆಂಚು ಎರಡಾದದ್ದಕ್ಕೆ ಯಾರ ತಂದೆಯನ್ನೂ ಕರೆಸಲಿಲ್ಲ. ಅತ್ತವಳ ತಂದೆಯನ್ನು ಕರೆಸಿದರು. ನನ್ನ ಸಿಟ್ಟು ರಾತ್ರಿ ಕಳೆದರೂ ಇಳಿದಿಲ್ಲ.

ಸಿಟ್ಟಿಗೆ ಹಳೆಯ ಕಾರಣವೂ ಉಂಟು. ಆ ಕಣ್ಣೀರು ಮಗಳಿಗೆ ಬಂದದ್ದು ನನ್ನಿಂದಲೇ. ಮದುವೆಮನೆಗಳಲ್ಲಿ ಮದುಮಗಳಿಗಿಂತ ಮೊದಲು ಅಳುತ್ತಿದ್ದವನು ನಾನು. ನೆರೆಮನೆಯವರು ಎಮ್ಮೆ ಮಾರಿದ ದಿನ ನಾನು ಊಟ ಬಿಟ್ಟಿದ್ದೆ. ಎಮ್ಮೆ ಮಾತ್ರ ಹಿಂತಿರುಗಿಯೂ ನೋಡದೆ ಹೋಯಿತು. ಗಂಡಸಾಗಿ ಅಳುವುದಾ ಎಂದು ನಗಾಡಿದವರೆಷ್ಟೋ. ಮರುಕಪಟ್ಟವರು ಕೊಡುತ್ತಿದ್ದ ಮದ್ದು ಒಂದೇ: ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೈಗೆ ಹಚ್ಚುವ ಮುಲಾಮಾದರೆ ಒರೆಸಿ ತೆಗೆಯಬಹುದು, ಮನಸ್ಸಿಗೆ ಹತ್ತಿದ್ದನ್ನು ಯಾವ ಬಟ್ಟೆಯಿಂದ ಒರೆಸುವುದೆಂದು ಯಾರೂ ಹೇಳಿಕೊಡಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾಲೇಜು ಮುಗಿಸಿ ವಿಟ್ಲದಲ್ಲಿ ಸೋದರಮಾವನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ರಸ್ತೆಯ ಆಚೆ ಬದಿಗೆ ಅಬ್ಬಾಸಾಕನ ಕೊಡೆ-ಚಪ್ಪಲಿ ಅಂಗಡಿ. ಅಬ್ಬಾಸ್ ಎಂಬ ಆ ಹಿರಿಯರನ್ನು ಪೇಟೆಯವರೆಲ್ಲ ಗೌರವದಿಂದ ಕರೆಯುತ್ತಿದ್ದದ್ದು ಹಾಗೆ. ಬೆಳಿಗ್ಗೆ ಬಾಗಿಲು ತೆರೆದು, ಚಪ್ಪಲಿಗಳನ್ನು ಸಾಲಾಗಿ ತೂಗುಹಾಕಿ, ನೇರ ಹೋಟೆಲಿಗೆ ಬರುವುದು ಅವರ ಕ್ರಮ. ಕಿಟಕಿಯ ಪಕ್ಕದ ಕುರ್ಚಿ ಅವರದ್ದೇ. ಸಜ್ಜಿಗೆ-ಬಜಿಲನ್ನು ಬೆರಳ ತುದಿಯಲ್ಲಿ ಎಷ್ಟು ಹೊತ್ತು ಕಲಸುತ್ತಿದ್ದರೆಂದರೆ, ಅಷ್ಟರಲ್ಲಿ ನಾವು ಇನ್ನೊಬ್ಬರಿಗೆ ಬಡಿಸಿ ತಟ್ಟೆ ತೊಳೆದಾಗುತ್ತಿತ್ತು. ಮಾವನೂ ಅವರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ನನ್ನ ಹತ್ತಿರ ಮಾತ್ರ ಅವರದು ಕನ್ನಡ. ಓದಿದ ಹುಡುಗ ಎಂಬ ಗೌರವವೋ ತಮಾಷೆಯೋ, ನನಗೆ ಕೊನೆಗೂ ತಿಳಿಯಲಿಲ್ಲ.

ಒಮ್ಮೆ ತಾಲೂಕಿನಲ್ಲಿ ಗಲಾಟೆಯಾಯಿತು. ಯಾರೋ ಕಲ್ಲು ಹೊಡೆದರು, ಮತ್ತೆ ಬಂದ್, ಪೋಲೀಸ್ ಜೀಪು. ಪೇಟೆ ಪುನಃ ತೆರೆದಾಗ ನಾಲ್ಕು ಮಂದಿ ಬಂದು, ಅವರನ್ನೆಲ್ಲ ಒಳಗೆ ಕೂರಿಸಿದರೆ ನಮ್ಮವರು ಬರುವುದಿಲ್ಲ ಎಂದು ಮಾವನಿಗೆ ಹೇಳಿ ಹೋದರು. ಅದೇ ದಿನ ಅಬ್ಬಾಸಾಕನ ಅಂಗಡಿಗೂ ಅವರ ಕಡೆಯ ಕೆಲವರು ಹೋಗಿ, ಆ ಹೋಟೆಲಿನ ಮೆಟ್ಟಿಲು ಹತ್ತಬೇಡಿ ಎಂದರಂತೆ. ಇವರಿಗೂ ಭಾವನೆಗೆ ಧಕ್ಕೆ, ಅವರಿಗೂ ಭಾವನೆಗೆ ಧಕ್ಕೆ. ಒಂದು ಪೋಸ್ಟರಿನಿಂದ ಧಕ್ಕೆ, ಒಂದು ಧ್ವಜದಿಂದ ಧಕ್ಕೆ. ಅವರ ಭಾವನೆಗೆ ಇಡೀ ಪೇಟೆ ಬಾಗಿಲು ಹಾಕಬೇಕು. ನನಗೆ ಕಣ್ಣಲ್ಲಿ ನೀರು ಬಂದರೆ ಮಾತ್ರ ಅದು ರೋಗ. ಈ ಮಾತನ್ನು ಅವತ್ತು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ, ಈಗಲಾದರೂ ಹೇಳುತ್ತೇನೆ.

ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾಯಿತು. ಅಬ್ಬಾಸಾಕ ಅಂಗಡಿಯಲ್ಲೇ ಕೂತು ಬಿಸ್ಕಿಟು ತಿನ್ನುವುದು ನನಗೆ ಗಲ್ಲಾದಿಂದಲೇ ಕಾಣುತ್ತಿತ್ತು. ನಾನು ಚಿಲ್ಲರೆ ತಪ್ಪು ಕೊಡತೊಡಗಿದೆ. ಮಾವ ಗದರಲಿಲ್ಲ. ಅವರ ಮುಖವೂ ಸಪ್ಪಗಿತ್ತು.

"ಹಚ್ಚಿಕೊಳ್ಳಬೇಡ ಮಾರಾಯ," ಎಂದರು. "ನಾವು ಹೋಟೆಲು ನಡೆಸುವವರು. ನಮ್ಮಿಂದ ಎಂತ ಆಗ್ತದೆ?"

ಆ ಮಾತು ಕೇಳಿ ನನಗೆ ತಲೆ ಕೆಟ್ಟಿತು. ಎಂತ ಆಗ್ತದೆಂದರೆ, ಸಜ್ಜಿಗೆ ಆಗ್ತದೆ, ಬಜಿಲ್ ಆಗ್ತದೆ. ಮರುದಿನ ಬೆಳಿಗ್ಗೆ ತಟ್ಟೆ ತುಂಬ ಬಡಿಸಿಕೊಂಡು ಹೊರಗೆ ಇಳಿದೆ. ರಸ್ತೆಯ ಎರಡೂ ಬದಿಯವರು ನೋಡುತ್ತಿದ್ದರು. ಹೇಳಿ ಹೋದ ನಾಲ್ವರಲ್ಲಿ ಇಬ್ಬರು ಪಾನ್ ಅಂಗಡಿಯ ಹತ್ತಿರವೇ ಇದ್ದರು. ನನ್ನ ಕಣ್ಣಲ್ಲಿ ಆಗಲೇ ನೀರು. ಧೈರ್ಯವಂತರು ಎದೆ ಸೆಟೆಸಿ ನಡೆಯುತ್ತಾರಂತೆ. ನಾನು ಮೂಗು ಸೊರಸೊರ ಎಳೆಯುತ್ತ ನಡೆದೆ.

ನಡುರಸ್ತೆಗೆ ಬಂದಾಗ ಪುತ್ತೂರಿನ ಬಸ್ಸು ಎಂದಿನ ವೇಗದಲ್ಲೇ ಬಂತು. ನಾನು ಹಿಂದೆ ಹಾರಿದೆ. ಬಸ್ಸಿನ ಗಾಳಿಗೆ ಬಜಿಲ್ ಪೂರಾ ಎದ್ದಿತು. ತಟ್ಟೆಯ ಮೇಲೆ ಏನಾದರೂ ಮುಚ್ಚಿಕೊಳ್ಳಬೇಕೆಂಬ ಬುದ್ಧಿ, ಹೋಟೆಲಿನಲ್ಲೇ ಕೂತವನಿಗೆ, ಇರಬೇಡವೇ? ತಲೆಯಲ್ಲಿ, ಮೀಸೆಯಲ್ಲಿ, ಒದ್ದೆ ಕೆನ್ನೆಯಲ್ಲಿ ಅವಲಕ್ಕಿ. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಪಾನ್ ಅಂಗಡಿಯವರು ನಕ್ಕರು, ಆಚೆಯ ಬಟ್ಟೆ ಅಂಗಡಿಯವರು ನಕ್ಕರು. ಗಲಾಟೆಯಾದ ಮೇಲೆ ಆ ಪೇಟೆಯ ಎರಡು ಬದಿಗಳೂ ಒಟ್ಟಿಗೆ ಮಾಡಿದ ಮೊದಲ ಕೆಲಸ ನನ್ನನ್ನು ನೋಡಿ ನಕ್ಕದ್ದು. ನಾನು ಅಳುತ್ತಲೇ ಆಚೆ ದಾಟಿ ತಟ್ಟೆಯನ್ನು ಅಬ್ಬಾಸಾಕನ ಮುಂದೆ ಇಟ್ಟೆ.

ಅವರು ನಗಲಿಲ್ಲ. ತಟ್ಟೆಯನ್ನು ನೋಡಿ, ನನ್ನನ್ನು ನೋಡಿದರು.

"ಬಜಿಲ್ ಎಲ್ಲಿ?"

"ಹಾರಿತು."

"ಸಜ್ಜಿಗೆ ಮಾತ್ರ ಹೇಗೆ ತಿನ್ನುದು ಮಾರಾಯ?" ಎಂದು ಎದ್ದು ಚಪ್ಪಲಿ ಮೆಟ್ಟಿದರು. "ನಡಿ, ಅಲ್ಲಿಗೇ ಹೋಗುವ."

ತಟ್ಟೆಯನ್ನು ಅವರೇ ಹಿಡಿದುಕೊಂಡರು. ಇಬ್ಬರೂ ಎಲ್ಲರ ಎದುರೇ ದಾಟಿದೆವು. ಮಾವ ಕಿಟಕಿಯ ಪಕ್ಕದ ಮೇಜು ಒರೆಸಿ, ಬಜಿಲಿನ ಪಾತ್ರೆಯನ್ನೇ ತಂದು ಇಟ್ಟರು. ಅಬ್ಬಾಸಾಕ ಕಲಸತೊಡಗಿದರು, ಎಂದಿನಂತೆ ನಿಧಾನವಾಗಿ.

ಇದರಿಂದ ಊರು ಸರಿಹೋಯಿತೆಂದು ಹೇಳಿದರೆ ನೀವು ನಂಬಬೇಡಿ. ಕೆಲವು ಗಿರಾಕಿಗಳು ಹೋಟೆಲು ಬಿಟ್ಟರು, ಒಂದು ಬೆಳಿಗ್ಗೆ ಬೋರ್ಡಿಗೆ ಸೆಗಣಿ ಬಳಿದಿದ್ದರು. ಆಮೇಲೂ ಗಲಾಟೆಗಳಾದವು, ಇನ್ನೂ ಆಗುತ್ತಿವೆ, ನನಗೆ ಇನ್ನೂ ಮೈ ಉರಿಯುತ್ತದೆ. ಆದರೆ ಆ ಕುರ್ಚಿ, ಅಬ್ಬಾಸಾಕ ಇದ್ದಷ್ಟು ವರ್ಷ, ಮತ್ತೆ ಖಾಲಿಯಾಗಲಿಲ್ಲ. ಅಳು ನಿಂತ ಮೇಲೆ ದಾಟುತ್ತೇನೆಂದು ಕಾದಿದ್ದರೆ ನಾನು ಇವತ್ತಿಗೂ ಹೋಟೆಲಿನ ಮೆಟ್ಟಿಲಲ್ಲೇ ಇರುತ್ತಿದ್ದೆ. ಗಟ್ಟಿಯಾದವರು ಬೇಕಾದಷ್ಟು ಇದ್ದರಲ್ಲ ಪೇಟೆಯಲ್ಲಿ, ಅವರಲ್ಲಿ ಯಾರಿಗೂ ಆ ಖಾಲಿ ಕುರ್ಚಿ ಕಾಣಲಿಲ್ಲ.

ಮಗಳು ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣು ಕೆಂಪಾಗಿದೆ. ಇವತ್ತು ತಾನೇ ಹೋಗಿ ಸಫೀನಾಳ ಬೆಂಚಿನಲ್ಲಿ ಕೂರುತ್ತಾಳಂತೆ.

"ಆದರೆ ಅಲ್ಲಿ ನಂಗೆ ಅಳು ಬಂದ್ರೆ ಅಪ್ಪ?"

"ಅತ್ಕೊಂಡೇ ಕೂರು," ಎಂದೆ.

ಅವಳ ಬುತ್ತಿಗೆ ಇಬ್ಬರಿಗೆ ಸಾಕಾಗುವಷ್ಟು ಸಜ್ಜಿಗೆ ಹಾಕಿದೆ. ಬಜಿಲಿಗೆ ಬೇರೆ ಡಬ್ಬಿ ಹುಡುಕಿ, ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿದೆ.