ಇಟಲಿಗೆ ಒಂದೇ ನಾಲಿಗೆ

ಇಟಲಿಯ ವೈನ್ ಊರುಗಳಿಗೆ ಮೂರು ವಾರದ ಪ್ರವಾಸವನ್ನು ನಾನು ಬಹಳ ಮುತುವರ್ಜಿಯಿಂದ ಯೋಜಿಸಿದೆ. ಮುಖ್ಯವಾದ ವೈನ್ ಮನೆಗಳ ಭೇಟಿಯನ್ನೆಲ್ಲ ಭಾನುವಾರಕ್ಕೇ ಇಟ್ಟೆ. ಬಹರೈನಿನಲ್ಲಿ ಇಷ್ಟು ಕಾಲ ಕಳೆದವನ ತಲೆಯಲ್ಲಿ ಭಾನುವಾರವೆಂದರೆ ಹಮದ್ ಟೌನ್‌ನಿಂದ ಸೀಫ್‌ನ ಕಚೇರಿಗೆ ಕಾರು ಓಡಿಸುವ ದಿನ. ಅಲ್ಲಿ ವಾರದ ರಜೆ ಶುಕ್ರವಾರ, ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದೂ ಅಂದೇ. ಹಾಗಾಗಿ ಆಲ್ಬಾ, ಮೊಂತಾಲ್ಚಿನೊ ಎಂಬ ವೈನ್ ಊರುಗಳಲ್ಲೂ ಶುಕ್ರವಾರವನ್ನು ಪೂಜೆಗೆ ಬಿಟ್ಟು, ಭಾನುವಾರ ಬೆಳಗ್ಗೆ ದ್ರಾಕ್ಷಿ ತೋಟದವರ ಬಾಗಿಲು ತಟ್ಟುವುದೆಂದು ನಿಶ್ಚಯಿಸಿದ್ದೆ.

ನನ್ನ ಹೆಂಡತಿ ಲವೀನಾ ಅದನ್ನು ಓದಿ ಕನ್ನಡಕ ತೆಗೆದಳು. "ಅಲ್ಲ ಮಾರಾಯ್ರೆ, ಭಾನುವಾರ ಅವರೆಲ್ಲ ಇಗರ್ಜಿಯಲ್ಲಿ ಇರ್ತಾರೆ. ಶುಕ್ರವಾರ ಇಗರ್ಜಿಯಲ್ಲಿ ನೀವು ಒಬ್ಬರೇ ಇರ್ತೀರಿ. ನಾವು ಯಾರನ್ನು ನೋಡ್ಲಿಕ್ಕೆ ಹೋಗುವುದು?"

ಹೇಳಿ ನಕ್ಕಳು. ಆ ನಗುವನ್ನು ಕೇಳದೆ ತಿಂಗಳುಗಳೇ ಆಗಿದ್ದವು. ಅವಳ ನಾಲಿಗೆಯ ಬುಡದಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು. ವಿಕಿರಣ ಚಿಕಿತ್ಸೆಯಿಂದ ಅದು ಕರಗಿತು, ಅದರ ಜೊತೆಗೆ ರುಚಿಯೂ ಹೋಯಿತು. ಈಗ ಬಂಗುಡೆ ಸಾರೂ ಗಂಜಿಯೂ ಅವಳಿಗೆ ಒಂದೇ, ಎರಡೂ ಒದ್ದೆ ಕಾಗದ. ರುಚಿ ಮರಳಿ ಬರುತ್ತದೆಯೇ ಎಂದರೆ ವೈದ್ಯರು "ನೋಡೋಣ" ಎನ್ನುತ್ತಾರೆ. ನರ್ಸ್ ಆಗಿ ಅದೇ ಮಾತನ್ನು ಎಷ್ಟೋ ಜನರಿಗೆ ದಾಟಿಸಿದವಳು ಅವಳು, ಅದರ ಅರ್ಥ ನನಗಿಂತ ಚೆನ್ನಾಗಿ ಬಲ್ಲಳು.

ಈ ಪ್ರವಾಸದ ಆಸೆ ಅವಳದು. ಅವಳ ಅಮ್ಮ ಕ್ರಿಸ್‌ಮಸ್ಸಿಗೆಂದು ಭರಣಿಯಲ್ಲಿ ಹಾಕಿಡುತ್ತಿದ್ದ ದ್ರಾಕ್ಷಿ ವೈನನ್ನು ಒಂದು ಗುಟುಕು ಕುಡಿದು, ಈ ಸಲ ಲವಂಗ ಹೆಚ್ಚಾಯಿತು, ಗೋಧಿ ಕಡಿಮೆಯಾಯಿತು ಎಂದು ತೀರ್ಪು ಕೊಡುತ್ತಿದ್ದವಳು. ರುಚಿ ಹೋದಾಗ ಇಟಲಿಯನ್ನು ಬಿಟ್ಟುಬಿಡೋಣ ಎಂದೆ. "ನಿಮ್ಮ ನಾಲಿಗೆ ಉಂಟಲ್ಲ," ಎಂದಳು. "ನೀವು ಕುಡಿಯಿರಿ, ಹೇಗುಂಟು ಅಂತ ನನಗೆ ಹೇಳಿ."

ಪೇಚಾಟ ಶುರುವಾದದ್ದು ಇಲ್ಲಿಂದ. ನಮ್ಮ ಕರಾವಳಿಯ ಗಂಡಸರ ಬಾಯಲ್ಲಿ ರುಚಿಗೆ ಇರುವುದು ಒಂದೇ ಪದ: ಅಡ್ಡಿಲ್ಲ. ಮದುವೆಯೂಟಕ್ಕೂ ಅದೇ, ಆಸ್ಪತ್ರೆಯ ಉಪ್ಪಿಟ್ಟಿಗೂ ಅದೇ. ಅತಿ ಚೆನ್ನಾಗಿದ್ದರೆ ಸ್ವಲ್ಪ ತಲೆಯನ್ನೂ ಆಡಿಸುತ್ತೇವೆ. ಲವೀನಾ ಮದುವೆಯಾದಂದಿನಿಂದ ಈ ಪದವನ್ನು ಉಂಡೇ ಬದುಕಿದವಳು. "ಅಷ್ಟು ದೂರ ಹೋಗಿ ಅಡ್ಡಿಲ್ಲ ಅಂದರೆ ನಿಮ್ಮನ್ನು ಅಲ್ಲೇ ಬಿಟ್ಟು ಬರ್ತೇನೆ," ಎಂದು ಮೊದಲೇ ಎಚ್ಚರಿಸಿದ್ದಳು.

ನಾನು ವೈನ್ ಪಂಡಿತರ ಬರಹಗಳ ಮೊರೆಹೋದೆ. ಬರೋಲೊ ಎಂಬ ಹೆಸರಾಂತ ವೈನಿಗೆ ಟಾರು ಮತ್ತು ಗುಲಾಬಿಯ ಪರಿಮಳವಂತೆ. ಬೇಸಿಗೆಯಲ್ಲಿ ನಮ್ಮ ರಸ್ತೆಯೂ ಟಾರಿನ ಪರಿಮಳ ಬೀರುತ್ತದೆ, ಅದಕ್ಕೆ ಯಾರೂ ಬಾಟಲಿ ಹಿಡಿಯಲು ಹೋಗಿಲ್ಲ. ಇನ್ನೊಂದರಲ್ಲಿ ಹಳೆಯ ಚರ್ಮದ ವಾಸನೆಯಂತೆ. ಇಂಥ ಎರವಲು ಮಾತುಗಳನ್ನು ಊಟದ ಮೇಜಿನಲ್ಲಿ ಒಪ್ಪಿಸಿದಾಗಲೆಲ್ಲ ಅವು ನನ್ನವಲ್ಲ ಎಂದು ಅವಳು ನನ್ನ ಮುಖ ನೋಡಿಯೇ ಪತ್ತೆ ಹಚ್ಚುತ್ತಿದ್ದಳು.

ಹೊರಡುವುದು ಸೆಪ್ಟೆಂಬರಿನಲ್ಲಿ, ದ್ರಾಕ್ಷಿ ಕೊಯ್ಯುವ ಕಾಲಕ್ಕೆ ಎಂದಿತ್ತು. ಕಳೆದ ವಾರ ಸ್ಕ್ಯಾನ್ ವರದಿ ಬಂತು. ಗಂಟು ಮರಳಿದೆ, ಸೆಪ್ಟೆಂಬರಿನಲ್ಲಿ ಚಿಕಿತ್ಸೆ ಮತ್ತೆ ಶುರು. ವರದಿ ಹಿಡಿದು ಆಸ್ಪತ್ರೆಯಿಂದ ಕಾರು ಹತ್ತಿದೆವು. ನನಗೆ ಭಯವಾಗಿತ್ತು, ಈಗಲೂ ಆಗುತ್ತಿದೆ. ಮನೆ ಹತ್ತಿರ ಬಂದಾಗ ಅವಳೇ, "ಟಿಕೆಟ್ ಮಾಡಬೇಡಿ. ಆದರೆ ಪ್ಲ್ಯಾನ್ ನಿಲ್ಲಿಸಬೇಡಿ," ಎಂದಳು.

ಆ ಸಂಜೆ, ಅಭ್ಯಾಸಕ್ಕೆಂದು ತಂದಿಟ್ಟಿದ್ದ ಇಟಲಿಯ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟಳು. ತನಗೂ ಒಂದು ಲೋಟ ತುಂಬಿಸಿಕೊಂಡಳು. ಅವಳ ಬಾಯಿಗೆ ಅದು ಉರಿ, ಕುಡಿಯುವಂತಿಲ್ಲ. ಸುಮ್ಮನೆ ದೀಪಕ್ಕೆ ಹಿಡಿದು ಬಣ್ಣ ನೋಡಿದಳು. "ಹೂಂ, ಹೇಳಿ."

ಒಂದು ಗುಟುಕು ಕುಡಿದೆ. ಪಂಡಿತರ ಒಂದು ಮಾತೂ ನೆನಪಾಗಲಿಲ್ಲ.

"ಮೊದಲು ಪುನರ್ಪುಳಿ ಶರಬತ್ತಿನ ಹುಳಿ," ಎಂದೆ. "ಸಕ್ಕರೆ ಹಾಕುವ ಮುಂಚಿನದ್ದು. ಆಮೇಲೆ ಬಾಯೆಲ್ಲ ಒಗರು, ಗೇರುಹಣ್ಣು ಚೀಪಿದ ಹಾಗೆ. ನುಂಗಿದ ಮೇಲೆ ಹಿಂದಿನಿಂದ ಒಂದು ಸ್ವಲ್ಪ ಲವಂಗ. ನಿನ್ನ ಅಮ್ಮನ ಭರಣಿಯ ಮುಚ್ಚಳ ತೆಗೆದಾಗ ಬರ್ತಿತ್ತಲ್ಲ, ಅದು. ಅಷ್ಟು ಸಿಹಿ ಮಾತ್ರ ಇಲ್ಲ."

ಅವಳು ಕಣ್ಣು ಮುಚ್ಚಿ ಕೂತಿದ್ದಳು. ಬಾಯಿ ತುಸು ಅಲ್ಲಾಡಿತು, ಏನನ್ನೋ ನಿಧಾನವಾಗಿ ನುಂಗಿದ ಹಾಗೆ. ಆಮೇಲೆ ಸ್ವಲ್ಪ ತಲೆ ಆಡಿಸಿದಳು.

"ಅಡ್ಡಿಲ್ಲ," ಎಂದಳು.